ಡ್ರೈವರ್ ಬಾಗಿಲ ಮೇಲಿನ ಬಟ್ಟೆ

ಫೆಬ್ರವರಿ 4, ಬೆಳಿಗ್ಗೆ 6.30

ಮತ್ತೆ ಜಾರಿದೆ. ಅದೇ ಜಾಗ — ಡ್ರೈವರ್ ಬಾಗಿಲ ಮೇಲೆ, ಒಂದು ಗೇಣು. ಕಾರಿನ ಒಳಚಾವಣಿಯ ಬಟ್ಟೆಯ ಅಂಚು ಬಾಗಿಲ ಸುತ್ತಲಿನ ರಬ್ಬರಿನ ಸಂದಿಯಲ್ಲಿ ಸಿಕ್ಕಿಕೊಂಡು ಕೂರಬೇಕು. ಕೂರುವುದಿಲ್ಲ. ಹೊರಗೆ ಬಂದು ಜೋತಾಡುತ್ತದೆ. ಎಂದಿನಂತೆ ರಬ್ಬರ್ ಬಿಡಿಸಿದೆ, ಕಿತ್ತುಬಂದ ನೂಲು ಕತ್ತರಿಸಿ ಅಂಚು ಸಾಫು ಮಾಡಿದೆ, ಅಂಟು ಹಚ್ಚಿ ಒಳಗೆ ತುರುಕಿದೆ. ಮೂರನೇ ಸಲ. ಮೂವತ್ತೊಂದು ವರ್ಷ ಬಟ್ಟೆ ಹೊಲಿದವನ ಮಾತನ್ನು ಒಂದು ಗೇಣು ಬಟ್ಟೆ ಕೇಳುತ್ತಿಲ್ಲ!

ಉಳಿದ ಮೂರು ಬಾಗಿಲಲ್ಲಿ ಕೂದಲಷ್ಟೂ ಅಲ್ಲಾಡಿಲ್ಲ. ಇಲ್ಲೇ ಯಾಕೆ? ಇದೇ ಯೋಚನೆಯಲ್ಲಿ ಗಿರಾಕಿಯೊಬ್ಬರ ಶರ್ಟಿಗೆ ಎಡತೋಳನ್ನು ಬಲಕ್ಕೆ ಹಚ್ಚಿದೆ. ಬಿಚ್ಚಬೇಕು.

ಫೆಬ್ರವರಿ 5

ನನ್ನ ಹೆಂಡತಿಗೆ ಚಿಂತೆ ಹತ್ತಿದೆ. ಎಂಟು ವರ್ಷ ಬೇರೆಯವರ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಿದಳು. ಈಗ ಸ್ವಂತ ಕಾರು, ಸ್ವಂತ ಬೋರ್ಡು. ಇಪ್ಪತ್ತೇಳಕ್ಕೆ ಆರ್‌ಟಿಒ ತಪಾಸಣೆ — ಕಾರನ್ನೂ ನೋಡುತ್ತಾರೆ, ಇವಳು ಕಲಿಸುವುದನ್ನೂ ನೋಡುತ್ತಾರೆ. ಡ್ರೈವರ್ ಕಣ್ಣಿಗೆ ಅಡ್ಡವಾಗಿ ಒಳಗೆ ಏನೂ ಜೋತಾಡಬಾರದಂತೆ. ಫೇಲಾದರೆ ಮತ್ತೆ ನಾಲ್ಕು ತಿಂಗಳು ಕಾಯಬೇಕು. ಅಷ್ಟರಲ್ಲಿ ಹೆಸರು ಬರೆಸಿರುವ ಐದು ಜನ ಹೆಂಗಸರೂ ಬೇರೆ ಕಡೆ ಹೋಗುತ್ತಾರೆ.

"ಗ್ಯಾರೇಜಿಗೆ ಕೊಟ್ಬಿಡೋಣ ರೀ" ಅಂದಳು.

"ಬಟ್ಟೆ ಕೆಲಸಕ್ಕೆ ಟೈಲರ್ ಹೆಂಡ್ತಿ ಗ್ಯಾರೇಜಿಗೆ ಹೋದ್ರೆ ನಾನು ಎಲ್ಲಿ ಮುಖ ಇಟ್ಕೊಳ್ಳಲಿ?" ಅಂದೆ.

ನಕ್ಕಳು. ಆದರೆ ಪೂರ್ತಿ ನಗಲಿಲ್ಲ.

ಫೆಬ್ರವರಿ 6, ಮಧ್ಯಾಹ್ನ

ಕಾರಣ ಗಾಳಿ! ಇವಳು ಯಾವಾಗಲೂ ಆ ಕಿಟಕಿ ಇಳಿಸಿಯೇ ಓಡಿಸುತ್ತಾಳೆ. ಗಾಳಿ ಒಳಗೆ ನುಗ್ಗಿ ಬಟ್ಟೆಯನ್ನು ಎಬ್ಬಿಸುತ್ತದೆ. ಇಷ್ಟು ಸುಲಭದ್ದು ಹೊಳೆಯಲಿಲ್ಲವಲ್ಲ. ಕಿಟಕಿ ಹಾಕಿಕೊಂಡು ಓಡಿಸು ಅಂದೆ.

"ಎ.ಸಿ. ಕೆಟ್ಟಿದೆ. ನಿಮಗೆ ಜ್ಞಾಪಕ ಇದೆ ತಾನೇ?"

"ನಾಲ್ಕು ದಿನ. ಪರೀಕ್ಷೆಗೆ."

ಆಯ್ತು ಅಂದಳು.

ಫೆಬ್ರವರಿ 10

ಗಾಳಿ ಅಲ್ಲ. ಮತ್ತೆ ಜಾರಿತು. ಆದರೂ ಕಿಟಕಿ ಹಾಕಿಯೇ ಇರಲಿ ಅಂದೆ — ಎರಡು ಕಾರಣ ಸೇರಿಕೊಂಡಿರಬಹುದು.

ಹೊಸ ಅನುಮಾನ: ಅವಳ ತುರುಬಿನ ಕ್ಲಿಪ್ಪು. ಹತ್ತುವಾಗ ತಲೆ ಬಗ್ಗಿಸುತ್ತಾಳಲ್ಲ, ಸರಿಯಾಗಿ ಆ ಗೇಣಿಗೇ ಉಜ್ಜುತ್ತದೆ. ಬಾಗಿಲ ಹತ್ತಿರ ನಿಂತು ಐದು ಸಲ ಹತ್ತಿಸಿ ಇಳಿಸಿ ನೋಡಿದೆ. ಎರಡು ಸಲ ತಾಗಿತು. ಆರನೇ ಸಲಕ್ಕೆ ಅವಳು ಹತ್ತಿ, ಬಾಗಿಲು ಹಾಕಿಕೊಂಡು ಹೊರಟೇ ಹೋದಳು. ಸಂಜೆ ಜಡೆ ಹಾಕಿಕೊಂಡಿದ್ದಳು. ಕ್ಲಿಪ್ಪು ಕನ್ನಡಿಯ ಮುಂದೆ ಇತ್ತು.

ಅಂಚು ಸಾಫು ಮಾಡಿ ತುರುಕುವ ಮೊದಲು ರಬ್ಬರ್ ಬರುವ ಜಾಗಕ್ಕೆ ಉದ್ದಕ್ಕೂ ನೀಲಿ ಚಾಕಿನಿಂದ ಗೆರೆ ಎಳೆದಿದ್ದೇನೆ. ಗೆರೆಯಿಂದ ಅಂಚಿಗೆ ಮುಕ್ಕಾಲು ಇಂಚು. ಎಷ್ಟು ಜಾರುತ್ತದೆ ಅಂತ ಲೆಕ್ಕ ಸಿಗಬೇಕು.

ಫೆಬ್ರವರಿ 15

ಜಡೆ ಹಾಕಿದರೂ ಜಾರಿತು. ಮತ್ತೆ ಸಾಫು ಮಾಡಿ ಕೂರಿಸಿದೆ. ಮೂಲೆಯ ಗ್ಯಾರೇಜಿನ ಮೆಕ್ಯಾನಿಕ್ ಚಹಾ ಕುಡಿಯುತ್ತಾ ಬಂದು ರಬ್ಬರನ್ನು ಹಿಚುಕಿ ನೋಡಿದ.

"ರಬ್ಬರ್ ಗಟ್ಟಿಯಾಗೇ ಇದೆ ಟೈಲರಣ್ಣ. ಹಿಡ್ಕೊಳ್ಳೋಕೆ ಅದಕ್ಕೂ ಏನಾದ್ರೂ ಸಿಗಬೇಕಲ್ಲ?"

ತಲೆಗೆ ಹುಳ ಬಿಟ್ಟು, ಲೋಟ ಇಲ್ಲೇ ಬಿಟ್ಟು ಹೋದ.

ಫೆಬ್ರವರಿ 16

ಆ ಐದು ಜನರಲ್ಲಿ ಈಗಾಗಲೇ ಕಲಿಯಲು ಬರುವ ಶಾಲೆಯ ಟೀಚರಮ್ಮ ಹತ್ತುವಾಗ ಅಂಚನ್ನು ಹಿಡಿದುಕೊಳ್ಳುತ್ತಾರೇನೋ? ಇವಳ ಹತ್ತಿರ ಕೇಳಿದೆ.

"ಗಾಳಿ ಆಯ್ತು, ನನ್ನ ತಲೆ ಆಯ್ತು, ಈಗ ಟೀಚರ್ ಕೈ. ನಿಮ್ಮೊಬ್ಬರನ್ನ ಬಿಟ್ಟು ಊರವರೆಲ್ಲ ಆಯ್ತು ರೀ" ಅಂದಳು. ಮುಖ ಬಿಸಿಲಿಗೆ ಕೆಂಪಾಗಿತ್ತು. ಕುತ್ತಿಗೆಯ ಸುತ್ತ ಬೆವರುಸಾಲೆ ಎದ್ದಿದೆ. ಪುಡಿ ಹಚ್ಚಿಕೊಂಡು ಮಲಗಿದಳು.

ಫೆಬ್ರವರಿ 21, ಬೆಳಿಗ್ಗೆ 7

ಗೊತ್ತಾಯಿತು.

ಜಾರಿತ್ತು. ಟೇಪು ಹಿಡಿದೆ — ಗೆರೆಯಿಂದ ಅಂಚಿಗೆ ಅರ್ಧ ಇಂಚು. ಹತ್ತನೇ ತಾರೀಖು ಮುಕ್ಕಾಲು ಇಂಚಿತ್ತಲ್ಲ? ಬಟ್ಟೆ ಬಿಸಿಲಿಗೆ ಕುಗ್ಗಿತೇ? ರಬ್ಬರ್ ತಿನ್ನುತ್ತಿದೆಯೇ? ಇದನ್ನೇ ಯೋಚಿಸುತ್ತಾ ಅಂಟಿನ ಡಬ್ಬಿ ತೆರೆದೆ, ಕೆಲಸ ಶುರು ಮಾಡಿದೆ. ಅಷ್ಟರಲ್ಲಿ ಅಳತೆ ಬರೆದುಕೊಂಡೆನೋ ಇಲ್ಲವೋ ಅನುಮಾನ. ಮತ್ತೆ ಟೇಪು ಹಿಡಿದೆ.

ಕಾಲು ಇಂಚು.

ಐದೇ ನಿಮಿಷ. ಕಾರು ನಿಂತಲ್ಲೇ ನಿಂತಿದೆ. ಗಾಳಿ ಇಲ್ಲ, ಕ್ಲಿಪ್ಪಿಲ್ಲ, ಟೀಚರಮ್ಮ ಇಲ್ಲ. ಕೆಳಗೆ ನೋಡಿದರೆ ಸೀಟಿನ ಮೇಲೆ ಬೂದು ಬಣ್ಣದ ಒಂದು ಉದ್ದ ಚೂರು. ನನ್ನ ಬಲಗೈಯಲ್ಲಿ ಕತ್ತರಿ.

ಯಾವಾಗ ಕೈಗೆ ಬಂತೋ ಗೊತ್ತಿಲ್ಲ. ಅದೇ ವಿಚಿತ್ರ. ನೂಲು ಬಿಟ್ಟ ಅಂಚು ಕಂಡರೆ ನನ್ನ ಕೈ ನನ್ನನ್ನು ಕೇಳುವುದಿಲ್ಲ, ಕತ್ತರಿಸಿ ನೇರ ಮಾಡಿಬಿಡುತ್ತದೆ. ಮೊದಲ ಸಲ ಹಳೆಯ ಅಂಟು ಒಣಗಿ ಬಿಟ್ಟಿರಬೇಕು. ಆಮೇಲಿನದೆಲ್ಲ ನನ್ನ ಕೈಚಳಕ. ಪ್ರತಿ ಸಲ ರಿಪೇರಿ, ಪ್ರತಿ ಸಲ ಒಂದಿಷ್ಟು ಬಟ್ಟೆ ಕಮ್ಮಿ. ಬಟ್ಟೆ ಜಾರುತ್ತಿರಲಿಲ್ಲ, ರಬ್ಬರಿಗೆ ಹಿಡಿಯಲು ಬಟ್ಟೆಯೇ ಉಳಿದಿರಲಿಲ್ಲ. ಶರ್ಟಿನೊಳಗೆ ಹೊಲಿಗೆಯಾಚೆ ಮಾರ್ಜಿನ್ ಬಟ್ಟೆ ಬಿಡು ಅಂತ ಎಷ್ಟು ಜನರಿಗೆ ಪಾಠ ಹೇಳಿದವನು ನಾನು!

ಒಂದು ಕ್ಷಣ ಖುಷಿಯಾಯಿತು, ಸುಳ್ಳು ಯಾಕೆ. ಗಂಟು ಬಿಚ್ಚಿತಲ್ಲ. ಆಮೇಲೆ ಅವಳ ಕುತ್ತಿಗೆಯ ಬೆವರುಸಾಲೆ ನೆನಪಾಯಿತು. 

ಅದೇ ದಿನ, ಸಂಜೆ 5

ಹೇಳಿದೆ. ಅಡುಗೆಮನೆಯಲ್ಲಿ ನಿಂತೇ ಕೇಳಿಸಿಕೊಂಡಳು.

"ಹದಿನೈದು ದಿನ ಕಿಟಕಿ ಹಾಕ್ಕೊಂಡು ಬೆಂದಿದ್ದೀನಿ" ಅಂದಳು. ಅಷ್ಟೇ. ಬೆವರುಸಾಲೆಯ ಪುಡಿ ಡಬ್ಬಿ ತೆಗೆದುಕೊಂಡು ಒಳಗೆ ಹೋದಳು. ಬೈದಿದ್ದರೆ ವಾಸಿಯಿತ್ತು.

ಫೆಬ್ರವರಿ 24

ಮೂರು ದಿನ ಅಂಗಡಿ ಮಧ್ಯಾಹ್ನಕ್ಕೇ ಮುಚ್ಚಿದೆ. ಹೊಸ ಬಟ್ಟೆ ಹಾಕಲು ಪೂರ್ತಿ ಚಾವಣಿ ಇಳಿಸಬೇಕು, ಅಷ್ಟು ಸಮಯವಿಲ್ಲ. ಅದಕ್ಕೇ ಅಂಚಿಗೆ ಎರಡು ಇಂಚಿನ ಪಟ್ಟಿ ಕೂಡಿಸಿದೆ — ಪ್ಯಾಂಟಿನ ಬೂದು ಬಟ್ಟೆ, ಬಾಗಿದ ಸೂಜಿ, ಕೈಹೊಲಿಗೆ. ಸೀಟಿನ ಮೇಲೆ ಅಂಗಾತ ಮಲಗಿ ಹೊಲಿದು ಕುತ್ತಿಗೆ ಹಿಡಿದುಕೊಂಡಿದೆ. ಆಗಲಿ. ಅಂಟು ಹಚ್ಚಿ, ಒಣಗುವ ತನಕ ಬಟ್ಟೆ ಒಣಹಾಕುವ ಕ್ಲಿಪ್ಪು ಸಾಲಾಗಿ ಸಿಕ್ಕಿಸಿ, ರಬ್ಬರನ್ನು ಮರದ ಸೌಟಿನ ಹಿಡಿಯಿಂದ ಒತ್ತಿ ಕೂರಿಸಿದೆ.

ಪಟ್ಟಿಯ ಒಳ ಅಂಚಿನಲ್ಲಿ ನೂಲು ಬಿಟ್ಟಿತ್ತು. ಕೈ ತುರಿಸಿತು. ಹುಡುಕಿದರೆ ಕತ್ತರಿ ಇಲ್ಲ. ಇವಳ ವ್ಯಾನಿಟಿ ಬ್ಯಾಗಿನಿಂದ ಅದರ ಹಿಡಿ ಇಣುಕುತ್ತಿತ್ತು.

ಕೇಳಲು ಧೈರ್ಯ ಬರಲಿಲ್ಲ.

ಫೆಬ್ರವರಿ 26, ಸಂಜೆ

ಎರಡು ದಿನ ಕಿಟಕಿ ಇಳಿಸಿ ಓಡಿಸಿದಳು. ಬಟ್ಟೆ ಅಲ್ಲಾಡಿಲ್ಲ. ಇವತ್ತು ಮಾತಾಡಿದಳು.

"ನಾಳೆ ತಪಾಸಣೆಗೆ ಟೀಚರ್‌ಗೆ ರಜ ಸಿಗ್ಲಿಲ್ಲ. ಉಳಿದವರಿಗೂ ಆಗಲ್ಲ. ಕಲಿಯೋರು ಒಬ್ಬರು ಬೇಕೇ ಬೇಕು. ನೀವೇ ಬನ್ನಿ."

"ನಾನಾ? ನಂಗೆ ಏನೂ ಬರಲ್ಲ!"

"ನಾಲ್ಕು ತಿಂಗಳ ಹಿಂದೆ ನಿಮಗೂ ಲರ್ನರ್ ಲೈಸೆನ್ಸ್ ಮಾಡಿಸಿದ್ದೀನಿ, ಬೀರುವಿನಲ್ಲಿದೆ. ಏನೂ ಬರದವರಿಗೆ ಕಲಿಸ್ತೀನಾ ಅಂತಾನೇ ಅವರು ನೋಡೋದು."

ಒಂದು ಗಂಟೆ ಮೈದಾನದಲ್ಲಿ ಕೂರಿಸಿದಳು. ಏಳು ಸಲ ಇಂಜಿನ್ ಬಂದಾಯಿತು. ಪ್ರತಿ ಸಲ ನಾನು ಕಾರಣ ಹುಡುಕಿದೆ — ನೆಲ ಏರು, ಪೆಡಲ್ ಬಿಗಿ, ಚಪ್ಪಲಿ ದಪ್ಪ. ಅವಳು "ಮತ್ತೆ ಸ್ಟಾರ್ಟ್ ಮಾಡಿ" ಅಂದಳು, ಏಳು ಸಲವೂ ಅದೇ ದನಿಯಲ್ಲಿ. ಇಷ್ಟು ವರ್ಷದಲ್ಲಿ ಇವಳು ಕಲಿಸುವುದನ್ನು ನಾನು ನೋಡಿಯೇ ಇರಲಿಲ್ಲ. ಎಂಟನೇ ಸಲ ಕಾರು ಹತ್ತು ಮಾರು ಹೋಯಿತು.

ಫೆಬ್ರವರಿ 27, ಬೆಳಿಗ್ಗೆ 10.40

ತಪಾಸಣೆಯ ಅಂಗಳ. ಡ್ರೈವರ್ ಸೀಟಿನಲ್ಲಿ ಕೂತು ಬರೆಯುತ್ತಿದ್ದೇನೆ. ಮುಂದೆ ಒಂದೇ ಗಾಡಿ.

ಇನ್‌ಸ್ಪೆಕ್ಟರ್ ಆಗಲೇ ಒಳಗೆಲ್ಲ ನೋಡಿದರು. ಬಾಗಿಲ ಅಂಚಿನುದ್ದಕ್ಕೂ ಬೆರಳು ಎಳೆದರು, ಹೊಲಿಗೆಯ ಹತ್ತಿರ ನಿಲ್ಲಿಸಿ ಉಗುರಿನಿಂದ ಕೆರೆದರು.  "ಯಾರ ಕೆಲಸ ಇದು?" ಅಂದರು.

"ನಮ್ಮ ಮನೆಯವರದ್ದು" ಅಂದಳು ಇವಳು. "ಒಳ್ಳೇ ಟೈಲರ್. ಡ್ರೈವಿಂಗ್ ಒಂದು ಈಗ ಕಲಿಸ್ಬೇಕು."

ಸರಿ ಗುರುತು ಹಾಕಿಕೊಂಡು ಹೋದರು.  ಕಿಟಕಿಯಾಚೆ ನೋಡುತ್ತಾ ಕೂತೆ.

ಇನ್ನುಳಿದಿರುವುದು ನಾನು ಓಡಿಸುವುದು, ಅವಳು ಕಲಿಸುವುದು. ಅವಳ ಬೋರ್ಡಿನ ಗತಿ ಇನ್ನು ಕ್ಲಚ್ ಒತ್ತುವ ನನ್ನ ಎಡಗಾಲಿನ ಮೇಲೆ ನಿಂತಿದೆ.  

ಮುಂದಿನ ಗಾಡಿ ಹೊರಟಿತು. "ಪುಸ್ತಕ ಮುಚ್ಚಿ" ಅನ್ನುತ್ತಿದ್ದಾಳೆ. ಮೊದಲು ಕ್ಲಚ್ ಪೂರ್ತಿ ಒತ್ತಿ, ಆಮೇಲೆ ಗೇರು, ಆಮೇಲೆ ನಿಧಾನಕ್ಕೆ ಬಿಡುತ್ತಾ... ಬಿಡುತ್ತಾ ಏನು? ಅವಳನ್ನೇ ಕೇಳಿಬಿಡುತ್ತೇನೆ.