ಠಿಕಾಣಿ ಹೇಳುವ ಪೆಟ್ಟಿಗೆ

ಸೊಲ್ಲಾಪುರ ರಸ್ತೆ, ವಿಜಯಪುರ
೨೩ ಮಾರ್ಚ್ ೨೦೨೫, ಭಾನುವಾರ

ಪ್ರೀತಿಯ ಅಪ್ಪಾ,

ಮೊದಲು ನಿನ್ನ ಕಾಲಿನ ಸುದ್ದಿ ಹೇಳು. ಹಿಮ್ಮಡಿಯ ಬಿರುಕಿಗೆಂದು ಕೊಟ್ಟ ಮುಲಾಮನ್ನು ನೀನು ಹಚ್ಚಿಕೊಳ್ಳುವುದಿಲ್ಲ, ಕುರಿಯ ಗೊರಸಿಗೆ ಹಚ್ಚುತ್ತೀ ಎಂದು ನನಗೆ ಗೊತ್ತು. ಆ ಕುಂಟುಮರಿ ಉಳಿಯಿತೇ? ಬಿಸಿಲು ಈ ಸಲ ಹೋಳಿಗೂ ಮೊದಲೇ ಏರಿದೆ, ನೆತ್ತಿಯ ಮೇಲೆ ಬಂದಾಗ ಬಯಲಲ್ಲಿ ನಿಲ್ಲಬೇಡ. ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ, ಬೆರಳಿಟ್ಟು ನಿಧಾನವಾಗಿ ಓದು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಫೋನು ಚಾರ್ಜಿಲ್ಲದೆ ಬುತ್ತಿಯ ಚೀಲದ ತಳದಲ್ಲಿರುತ್ತದೆ. ಹತ್ತಿದರೂ ನಾನು ನಿನ್ನೆದುರು ಹ್ಞೂಂ ಬಿಟ್ಟು ಬೇರೆ ಮಾತಾಡಿದವಳಲ್ಲ. ಕಾಗದದ ಮೇಲೆ ನನಗೆ ಧೈರ್ಯ ಹೆಚ್ಚು.

ಅವ್ವ ಚೆನ್ನಾಗಿದ್ದಾಳೆ. ಶೆಡ್ಡಿನ ಏಣಿಯಿಂದ ಬಿದ್ದ ಕಾಲಿಗೆ ಹಾಕಿದ ಪ್ಲಾಸ್ಟರು ಇನ್ನೂ ಹಾಗೇ ಇದೆ. ಯುಗಾದಿ ಕಳೆದು ಹದಿನೈದು ದಿನದವರೆಗೆ ಕಾಲು ನೆಲಕ್ಕೆ ಊರಬಾರದಂತೆ. ನಾನು ಪ್ರೂಫ್ ತಿದ್ದುವ ಪ್ರೆಸ್ಸಿನ ಮೇಲಿನ ಕೋಣೆಯಲ್ಲಿ ಅವಳೂ ನಾನೂ ಒಂದೇ ಮಂಚ. ಕಿಟಕಿಯಾಚೆ ದಿನವಿಡೀ ಲಾರಿ, ವೆಲ್ಡಿಂಗಿನ ಕಿಡಿ. "ಈ ಊರಾಗ ಗಾಳಿ ಯಾವ ಕಡಿಂದ ಬೀಸತೈತಿ ಅನ್ನೂದ ತಿಳಿವಲ್ದು ನೋಡ" ಎಂದು ದಿನಕ್ಕೆ ನಾಲ್ಕು ಸಲ ಬೈಯುತ್ತಾಳೆ. ಅವಳಿಗೆ ಗಾಳಿ ಏಕೆ ಬೇಕು ಎಂದು ನಿನಗೆ ಹೇಳಬೇಕಿಲ್ಲ. ತಿಕೋಟಾದ ನಮ್ಮ ಶೆಡ್ಡಿನಲ್ಲಿ ದ್ರಾಕ್ಷಿ ಒಣಗಿ ಮಣೂಕವಾಗುವ ಹದಿನೈದು ದಿನ ಅವಳು ಹಣ್ಣು ಹರವಿದ ಜಾಳಿಗೆಗಳ ಓಲಾಟ ನೋಡಿಯೇ ಪರದೆ ಏರಿಸುತ್ತಿದ್ದಳು, ಇಳಿಸುತ್ತಿದ್ದಳು. ಬೇಗ ಇಳಿಸಿದರೆ ಗಾಳಿ ಸಾಲದೆ ಕಾಯಿ ಕಪ್ಪು, ತಡವಾದರೆ ಹನಿ ಬಿದ್ದು ಕಪ್ಪು.

ನೀನು ಪ್ಲಾಸ್ಟರು ಹಾಕಿದ ದಿನ ಬಂದೆ, ಬಾಗಿಲಲ್ಲೇ ಅರ್ಧ ತಾಸು ಕೂತೆ, ಹೋದೆ. ಹೋಗುವಾಗ ತಿಕೋಟಾದ ಮಣೂಕದ ವ್ಯಾಪಾರಿ ಸಂಗನಬಸವ ಕಾಕಾನಿಗೆ ಮಾತು ಕೊಟ್ಟೆ, ಯುಗಾದಿಯಿಂದ ಶೆಡ್ಡು ಮೂರು ವರ್ಷ ಅವರಿಗೆ ಬಾಡಿಗೆಗೆ ಎಂದು. ಅವ್ವನನ್ನು ಕೇಳಲಿಲ್ಲ. ಅವರು ಒಪ್ಪಂದದ ಕಾಗದ ಸಿದ್ಧ ಮಾಡಿಸಿ, ನಿನ್ನ ಸಹಿಗೆ ಕಳಿಸು ಎಂದು ನನ್ನ ಕೈಗೇ ಕೊಟ್ಟರು. "ನಿಮ್ಮವ್ವ ಬಿಜಾಪುರದಾಗ ಮಲಗ್ಯಾಳ, ನೀ ಕತಿ ಪುಸ್ತಕ ಓದಿದಾಕಿ, ನಿಮ್ಮಪ್ಪ ಕುರಿ ಹಿಂದ. ಶೆಡ್ ಏನ ತಾನ ನಡೀತೈತೇನ ಬೇ" ಅಂದರು. ನಾನು ಎಂದಿನಂತೆ ನೆಲ ನೋಡಿದೆ. ಕಾಗದ ಮಡಿಸಿ ಚೀಲದಲ್ಲಿಟ್ಟುಕೊಂಡೆ.

ಆದರೆ ರಾತ್ರಿ ಅವ್ವ ಹೇಳಿದ ಒಂದು ಮಾತು ನನ್ನನ್ನು ಬಿಡಲಿಲ್ಲ. "ಕುಂತಲ್ಲಿಂದ ಕಣ್ಣಿಗೆ ಕಂಡ್ರ ಸಾಕು, ನಾ ನಡಸ್ತೀನಿ." ಶೆಡ್ಡಿನಲ್ಲಿರುವ ರೇಣವ್ವ ಕೈಗೆಲಸದಲ್ಲಿ ಗಟ್ಟಿಗಿತ್ತಿ, ಆದರೆ ಫೋನು ಮಾಡಿ ಏನು ಕೇಳಿದರೂ ಒಂದೇ ಉತ್ತರ: "ಎಲ್ಲಾ ಛಲೋ ಐತ್ರಿ ಅಕ್ಕಾರ." ಅದಕ್ಕೇ ಮುಚ್ಚಿಹೋದ ಒಂದು ಅಂಗಡಿಯವರು ಮಾರುತ್ತಿದ್ದ ಹಳೆಯ ಕ್ಯಾಮೆರಾ ಎರಡು, ಅವುಗಳ ಚಿತ್ರ ಹಿಡಿಯುವ ಪೆಟ್ಟಿಗೆ ಒಂದು ತಂದೆ. ಅದನ್ನು ಮಾಡಿದ ಕಂಪನಿ ಈಗಿಲ್ಲ, ಅದರ ಆಪ್ ಕೂಡ ಇಲ್ಲ. ಹಾಗಾಗಿ ನಾವೇ ಇಲ್ಲಿಂದ ನೇರವಾಗಿ ಶೆಡ್ಡಿನ ಪೆಟ್ಟಿಗೆಯ ಬಾಗಿಲು ಬಡಿಯಬೇಕು. ಬಡಿಯಲು ಆ ಬಾಗಿಲಿನ ನಂಬರು ಗೊತ್ತಿರಬೇಕು. ಅದಕ್ಕೆ ಐಪಿ ಎನ್ನುತ್ತಾರೆ. ನಮ್ಮಂಥ ಸಾದಾ ಕನೆಕ್ಷನ್ನಿಗೆ ಆ ನಂಬರು ನಿಂತಲ್ಲಿ ನಿಲ್ಲುವುದಿಲ್ಲ, ಕರೆಂಟು ಹೋಗಿ ಬಂದರೆ ಬದಲಾಗುತ್ತದೆ. ತಿಕೋಟಾದಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತದೆ, ನಿನಗೆ ಗೊತ್ತು.

ಇದಕ್ಕೇನು ಮಾಡಬೇಕೆಂದು ಕೇಳಲು ಇಲ್ಲಿನ ಕ್ಯಾಮೆರಾ ಅಂಗಡಿಗೆ ಹೋದರೆ, ಅಂಗಡಿಯವನು ನನ್ನ ಮುಖ ನೋಡದೆ ಹೇಳಿದ: "ಸ್ಟ್ಯಾಟಿಕ್ ಐಪಿ ಇಲ್ದ ಏನೂ ಕಾಣೂದಿಲ್ಲ ತಂಗಿ. ಮನಿಯಾಗ ಗಂಡಸರಿದ್ರ ಕಳಸು, ಅವರಿಗೆ ತಿಳಿಸಿ ಹೇಳ್ತೀನಿ." ಸ್ಟ್ಯಾಟಿಕ್ ಐಪಿ ಎಂದರೆ ಎಂದೂ ಬದಲಾಗದ ನಂಬರು. ಅದು ಬೇಕಾದರೆ ವ್ಯವಹಾರದ ಕನೆಕ್ಷನ್ನು, ಹೊಲದ ಕಾಗದ, ಯಜಮಾನನ ಸಹಿ, ಯಜಮಾನನ ಖಾಯಂ ಠಿಕಾಣಿ. ಖಾಯಂ ಠಿಕಾಣಿ ಎಂದಾಗ ನನಗೆ ನಗು ಬಂತು ಅಪ್ಪಾ. ದೀಪಾವಳಿಗೆ ಹೊರಟು ಮಳೆಗಾಲಕ್ಕೆ ಮರಳುವವನ ಖಾಯಂ ಠಿಕಾಣಿ ನಾನು ಎಲ್ಲಿಂದ ತರಲಿ?

ಆ ನಗುವಿನಿಂದಲೇ ದಾರಿ ಸಿಕ್ಕಿತು. ನನ್ನ ಜೊತೆ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವ ಮಿನಾಜ ಕಂಪ್ಯೂಟರಿನ ಒಳಹೊರಗು ಬಲ್ಲವಳು. ಊಟದ ಹೊತ್ತಿನಲ್ಲಿ ಹೇಳಿಕೊಂಡೆ. ಅವಳು ರೊಟ್ಟಿ ಮುರಿಯುತ್ತ, "ಸ್ಟ್ಯಾಟಿಕ್ ಯಾಕ ಬೇಕ ಅದಕ್ಕ? ಡೈನಾಮಿಕ್ ಡಿಎನ್‌ಎಸ್ ಅಂತ ಐತಿ. ನಂಬರ್ ಬೇಕಾದಷ್ಟು ಸಲ ಬದಲಾಗ್ಲಿ, ಪೆಟಗಿಗೆ ಒಂದು ಹೆಸರ ಇಡೂದು. ನಂಬರ್ ಬದಲಾದ ಕೂಡ್ಲೆ ಪೆಟಗೀನ ತನ್ನ ಹೊಸಾ ನಂಬರ್ ಒಂದು ಕಡೆ ಹೇಳಿ ಬರತೈತಿ. ನಾವು ಹೆಸರ ಹಿಡದು ಅಲ್ಲೆ ಕೇಳೂದು" ಅಂದಳು. ನಾನು ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು, "ಇದು ನಮ್ಮ ಮುರಿಗೆವ್ವನ ಚಹಾದಂಗಡಿ" ಎಂದೆ. ಅವಳಿಗೆ ತಿಳಿಯಲಿಲ್ಲ. ನಿನಗೆ ತಿಳಿಯುತ್ತದೆ. ಬಬಲೇಶ್ವರ ಕ್ರಾಸಿನ ಆ ಅಂಗಡಿಗೆ ಅಜ್ಜನ ಕಾಲದಿಂದ ನಮ್ಮ ಕುರಿಯವರು ಹಟ್ಟಿ ಕಿತ್ತು ಬೇರೆಡೆ ಹೂಡಿದಾಗಲೆಲ್ಲ ಹೇಳಿ ಕಳಿಸುತ್ತಾರೆ, ಇಂದಿನಿಂದ ಇಂಥ ಹೊಲದಲ್ಲಿ ಎಂದು. ಹಿಟ್ಟು ತಂದವರು, ಔಷಧ ತಂದವರು, ಬೀಗರು, ಎಲ್ಲರೂ ಅಲ್ಲಿ "ಶಂಕರೆಪ್ಪ ಎಲ್ಲೆದಾನ" ಎಂದು ಕೇಳಿ ನೇರ ಬಂದು ನಿಲ್ಲುತ್ತಾರೆ. ನಿನಗೆ ಖಾಯಂ ಠಿಕಾಣಿ ಎಂದೂ ಇರಲಿಲ್ಲ, ನೀನು ಎಂದೂ ಕಳೆದುಹೋಗಲಿಲ್ಲ.

ಒಂದೇ ದಿನಕ್ಕೆ ಆಗಲಿಲ್ಲ. ಮಿನಾಜಳೂ ನಾನೂ ತಿಕೋಟಾದ ಬಸ್ಸು ಹತ್ತಿ ಹೋಗಿ ಶೆಡ್ಡಿನ ಧೂಳಿನಲ್ಲಿ ಕೂತು ಪೆಟ್ಟಿಗೆಗೆ ಹೆಸರು ಕೊಟ್ಟೆವು. ಹೆಸರು ಅವ್ವನದೇ, ನಿರ್ಮಲಾ ಶೆಡ್. ಮರಳಿ ಬಂದು ನೋಡಿದರೆ ಬರೀ ಕತ್ತಲೆ. ಕೇಬಲ್ಲಿನ ಮುಬೀನನನ್ನು ಕೇಳಿದರೆ ಆತ, "ಕಂಪನಿಯವರು ಹತ್ತಾರು ಮನಿ ಸೇರಿಸಿ ಒಂದ ಅಗಸಿ ಬಾಗಲಾ ಮಾಡ್ಯಾರ್ರಿ ಅಕ್ಕಾ, ಹೊರಗಿನವರಿಗೆ ನಿಮ್ಮ ಮನಿ ಯಾವುದು ಹೆಂಗ ತಿಳೀಬೇಕು? ಬ್ಯಾರೆ ಬಾಗಲಾ ಕೇಳ್ರಿ" ಅಂದ. ನಾನು ಕಂಪನಿಗೆ ಫೋನು ಮಾಡಿದೆ. ನಾನೇ ಮಾಡಿದೆ ಅಪ್ಪಾ, ಮೂರು ಸಲ, ಮೂರನೆಯ ಸಲ ದನಿ ನಡುಗಲಿಲ್ಲ. ಬದಲಾಗುವ ನಂಬರೇ ಇರಲಿ, ನಮ್ಮದೇ ಇರಲಿ ಎಂದೆ. ಕೊಟ್ಟರು. ಪೆಟ್ಟಿಗೆಯ ಜೊತೆ ಬಂದಿದ್ದ ಸುಲಭದ ಗುಪ್ತಪದವನ್ನು ಮಿನಾಜ ಅಂದೇ ತೆಗೆಸಿದಳು, ಇಲ್ಲದಿದ್ದರೆ ದಾರಿಹೋಕರೂ ಒಳಗೆ ಇಣುಕುತ್ತಾರಂತೆ. ಹೊಸದನ್ನು ಅವ್ವ ಇಟ್ಟಿದ್ದಾಳೆ. ಇಲ್ಲಿ ಬರೆಯುವುದಿಲ್ಲ, ಪತ್ರ ಒಯ್ಯುವ ಟೆಂಪೋದ ಮಾಳು ನನ್ನ ಪತ್ರಗಳನ್ನು ಒಡೆದು ಓದುತ್ತಾನೆ.

ಮೊನ್ನೆ ಬುಧವಾರ ಮಧ್ಯಾಹ್ನದ್ದು ಕೇಳು. ಪಡುವಣಕ್ಕೆ ಮೋಡ ಕಟ್ಟಿತು. ಅವ್ವ ದಿಂಬಿಗೆ ಒರಗಿ ನನ್ನ ಫೋನು ಎದೆಯ ಮೇಲೆ ನಿಲ್ಲಿಸಿಕೊಂಡು ಜಾಳಿಗೆ ನೋಡುತ್ತಿದ್ದಳು. ಸಂಗನಬಸವ ಕಾಕಾ ತಮ್ಮದಾಗಲಿರುವ ಶೆಡ್ಡು ನೋಡಲು ಬಂದು ಮಡಿಸಿಟ್ಟ ತಾಡಪತ್ರಿಯ ಮೇಲೆ ಗಾದಿಯಂತೆ ಕೂತಿದ್ದರು, ರೇಣವ್ವನ ಕೈಯಿಂದ ಚಹಾ ಮಾಡಿಸಿಕೊಂಡು. ಅಷ್ಟರಲ್ಲಿ ಚಿತ್ರ ಹೋಯಿತು. ಅಲ್ಲಿ ಕರೆಂಟು ಹೋಗಿ ತಟ್ಟನೆ ಬಂದಿತ್ತು. ಪೆಟ್ಟಿಗೆಗೆ ಈಗ ಬೇರೆ ನಂಬರು. ಅವ್ವ ಹೊದಿಕೆಯ ಅಂಚು ಹಿಡಿದುಕೊಂಡಳು. ನಾನು ಗೋಡೆಯ ಗಡಿಯಾರ ನೋಡುತ್ತ ನಿಂತೆ. ಒಂದು ನಿಮಿಷ, ಎರಡು. ಕ್ಯಾಮೆರಾ ಅಂಗಡಿಯವನ ಮಾತು ನಿಜವಾಯಿತೇ ಅನ್ನಿಸಿತು. ನಾಲ್ಕನೆಯ ನಿಮಿಷಕ್ಕೆ ಹೆಸರು ಒತ್ತಿದೆ, ಶೆಡ್ಡು ಕಣ್ಣೆದುರು ಬಂತು. ಜಾಳಿಗೆಗಳು ಪೂರ್ವಕ್ಕೆ ವಾಲಿದ್ದವು. ಅವ್ವ ತನ್ನ ಫೋನಿನಿಂದ ರೇಣವ್ವನಿಗೆ ಹಚ್ಚಿ, "ಪಡುವಣ ಪರದೆ ಇಳಸ ಬೇ, ಮೂಡಣದ್ದು ಮುಟ್ಟಬ್ಯಾಡ, ಗಾಳಿ ಆಡ್ಲಿ. ಮ್ಯಾಲ ತಾಡಪತ್ರಿ ಎಳಿ. ಅದರ ಮ್ಯಾಲ ಕುಂತ ಸಾವಕಾರ್ರನ್ನ ಏಳಸ ಮೊದಲ" ಅಂದಳು. ಕಾಕಾ ಚಹಾದ ಕಪ್ಪು ಹಿಡಿದುಕೊಂಡೇ ಎದ್ದು, ಯಾರು ನೋಡುತ್ತಿದ್ದಾರೆಂದು ಮೇಲೆ ತೊಲೆಗಳ ನಡುವೆ ಹುಡುಕಿದ್ದನ್ನು ನಾವು ಇಲ್ಲಿ ಕೂತು ನೋಡಿದೆವು. ಕಾಲು ಮುರಿದಾಗಿನಿಂದ ಅವ್ವ ಹಾಗೆ ನಕ್ಕಿರಲಿಲ್ಲ. ಹನಿ ಬಂದು ಹೋಯಿತು. ಒಂದು ಜಾಳಿಗೆಯೂ ತೊಯ್ಯಲಿಲ್ಲ. ರೇಣವ್ವ ಸಂಜೆ ತಾನಾಗಿಯೇ ಫೋನು ಮಾಡಿ, "ಎಲ್ಲಾ ಖರೇನ ಛಲೋ ಐತ್ರಿ" ಅಂದಳು.

ಇಷ್ಟು ಹೇಳಿದ್ದು ಜಂಬಕ್ಕಲ್ಲ. ನೀನು ಕೊಟ್ಟ ಮಾತು ಮುರಿಯಿತೆಂದು ನಿನಗೆ ಸಿಟ್ಟು ಬರಬಹುದು, ಬರಲಿ. ಆ ಮಾತು ಕೊಡುವಾಗ ಅವ್ವನ ಕಾಲು ಮುರಿದಿತ್ತು, ಕಣ್ಣು ಮುರಿದಿರಲಿಲ್ಲ. ಒಂದೇ ಕಡೆ ಕೂತವರಿಗಷ್ಟೇ ಯಜಮಾನಿಕೆ ಎಂದು ಅಂಗಡಿಯವನು ಹೇಳಲಿ, ಕಂಪನಿ ಹೇಳಲಿ, ನಾವು ಕುರಿಯವರು ಒಪ್ಪುವ ಮಾತೇ ಅದು?

ಮುರಿಗೆವ್ವ ನಿನ್ನನ್ನು ಕೇಳಿದ್ದಾಳೆ. ಅವ್ವ ಏನೂ ಹೇಳಿ ಕಳಿಸಿಲ್ಲ, ಆದರೆ ಶೇಂಗಾ ಹಿಂಡಿ ಕುಟ್ಟಿಸಿ ಡಬ್ಬಿ ತುಂಬಿದ್ದಾಳೆ, ಅದನ್ನೇ ಅವಳ ಮಾತೆಂದು ತಿಳಿ. ನಿನ್ನ ಮರಿಗಳೆಲ್ಲ ಸುಖವಾಗಿರಲಿ. ಹಿಮ್ಮಡಿಗೆ ಮುಲಾಮು ಹಚ್ಚಿಕೋ.

ನಿನ್ನ ಮಗಳು,
ಸುಧಾರಾಣಿ

ತಾ.ಕ.: ಟೆಂಪೋ ಹೊರಟಿದೆ, ಬೇಗ ಬರೆಯುತ್ತಿದ್ದೇನೆ. ಒಪ್ಪಂದದ ಕಾಗದವನ್ನು ಈ ಲಕೋಟೆಯಲ್ಲಿ ಹುಡುಕಬೇಡ. ಗುರುವಾರ ಮುರಿಗೆವ್ವನ ಅಂಗಡಿಯ ಮುಂದೆ ನಾಲ್ಕು ಜನರ ಎದುರು ಅದನ್ನು ಸಂಗನಬಸವ ಕಾಕಾನ ಕೈಗೇ ಕೊಟ್ಟೆ, "ಸಹಿ ಆಗೂದಿಲ್ರಿ" ಎಂದೆ. ಇನ್ನೊಂದು. ಕಳೆದ ವಾರ ಅವ್ವ ಕಳಿಸಿದ ಹಿಟ್ಟು ಹೊತ್ತು ಮಾಳು, ಮುರಿಗೆವ್ವ ಹೇಳಿದಂತೆ, ನಿಡೋಣಿಯ ಆಚೆಯ ಹೊಲಕ್ಕೆ ಹೋಗಿದ್ದ. ಅಲ್ಲಿ ಮೂರು ಕಲ್ಲು, ಬೂದಿ ಅಷ್ಟೇ ಇತ್ತಂತೆ. ಹಿಟ್ಟು ಮರಳಿ ಬಂತು, ಅವ್ವ ಆ ಚೀಲದ ಬಾಯಿ ಇನ್ನೂ ಬಿಚ್ಚಿಲ್ಲ. ಮೂವತ್ತು ವರ್ಷದಲ್ಲಿ ನೀನು ಹೇಳದೆ ಹಟ್ಟಿ ಕಿತ್ತದ್ದು ಇದೇ ಮೊದಲು. ಕುರಿಯವರು ಯಾರಾದರೂ ನಿನಗೆ ಮುಟ್ಟಿಸಲಿ ಎಂದು ಈ ಪತ್ರವನ್ನು ಮುರಿಗೆವ್ವನ ಅಂಗಡಿಯಲ್ಲೇ ಇಡಿಸುತ್ತಿದ್ದೇನೆ. ಅವ್ವನನ್ನು ಕೇಳದೆ ಮಾತು ಕೊಟ್ಟ ಮೇಲೆ ಅವಳ ಮುಖ ನೋಡಲು ನಿನಗೆ ನಾಚಿಕೆ ಎಂದು ನನಗೆ ಗೊತ್ತು. ಶೆಡ್ಡಿನ ಪೆಟ್ಟಿಗೆ ದಿನಕ್ಕೆ ಹತ್ತು ಸಲ ಬಿದ್ದು ಎದ್ದರೂ ನಾಚದೆ ತಾನೆಲ್ಲಿದ್ದೇನೆಂದು ಹೇಳಿ ಕಳಿಸುತ್ತದೆ. ನೀನೂ ಹೇಳಿ ಕಳಿಸು. ಬೂದಿಗೆ ಹಿಟ್ಟು ಕೊಡಲು ಮಾಳು ಇನ್ನೊಮ್ಮೆ ಬರುವುದಿಲ್ಲ.