ಅಮ್ಮ ಮತ್ತು ಮಗಳ ಗೊಂಬೆ ಅಂಗಡಿ

ನಿನ್ನ ಕೋಣೆಯ ಕಿಟಕಿ ಪಕ್ಕದ ಮೇಜಿನಿಂದ,
ಹದಿನಾಲ್ಕನೇ ತಾರೀಖು, ಶನಿವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ನೆಲದ ಮೇಲೆ ಕೂತು ಹೊಲಿಯಬೇಡಿ ಅಂತ ಡಾಕ್ಟರು ಹೇಳಿದ್ದು ನೆನಪಿದೆಯಾ, ಇಲ್ಲ ಚಿಕ್ಕವಳ ಮನೆಗೆ ಹೋದಮೇಲೆ ಅದೂ ಮರೆತುಹೋಯಿತಾ? ಕಣ್ಣಿಗೆ ಹನಿ ಬಿಟ್ಟುಕೊಳ್ಳುತ್ತಿದ್ದೀಯ ತಾನೇ? ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನ ಅಳಿಯನಿಗೆ ನೆಗಡಿ. ಪ್ರಪಂಚದಲ್ಲಿ ಇನ್ಯಾರಿಗೂ ಮೂಗೇ ಇಲ್ಲವೇನೋ ಅನ್ನುವ ಹಾಗೆ ಕಂಬಳಿ ಹೊದ್ದು ಮಲಗಿದ್ದಾರೆ. ನಿನ್ನ ಬೆಕ್ಕು ನಿನ್ನ ಹಾಸಿಗೆ ಬಿಟ್ಟು ಏಳುವುದಿಲ್ಲ, ನಾನು ಹಾಕಿದ ಹಾಲನ್ನು ಮಾತ್ರ ಕುಡಿಯುತ್ತದೆ, ನನ್ನ ಕಡೆ ತಿರುಗಿಯೂ ನೋಡುವುದಿಲ್ಲ.

ಫೋನಿರುವಾಗ ಕಾಗದ ಯಾಕೆ ಅನ್ನುತ್ತೀಯೇನೋ. ಫೋನ್ ಮಾಡಿದರೆ ಎತ್ತುವವಳು ಯಾರು? ಅವಳು, ನಿನ್ನ ಚಿಕ್ಕ ಮಗಳು. "ಅಮ್ಮ ಹೊಲೀತಾ ಇದಾಳೆ ಅಕ್ಕಾ, ಸ್ಪೀಕರ್‌ಗೆ ಹಾಕ್ತೀನಿ, ಮಾತಾಡು" ಅನ್ನುತ್ತಾಳೆ. ಹಿಂದಿನಿಂದ ಪಾರ್ಸೆಲ್ಲಿಗೆ ಸುತ್ತುವ ಟೇಪಿನ ಚರ್ ಚರ್ ಸದ್ದು. ಅವಳೂ ಕೇಳಿಸಿಕೊಳ್ಳುತ್ತಿರುವಾಗ ನಾನು ನಿನಗೇನು ಹೇಳಲಿ? ಮಳೆ ಬಂತು, ಮಳೆ ನಿಂತಿತು. ಐದು ತಿಂಗಳಿಂದ ನಿನಗೆ ಹವಾಮಾನ ವರದಿ ಒಪ್ಪಿಸುತ್ತಿದ್ದೇನೆ. ಇವತ್ತು ಮಾತ್ರ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ನನಗೆ ಹೊಟ್ಟೆಕಿಚ್ಚಮ್ಮಾ. ಸಣ್ಣದಲ್ಲ, ಚೆನ್ನಾಗಿಯೇ ಉರಿಯುತ್ತಿದೆ.

"ಹದಿನೈದು ದಿನ ಅಮ್ಮನ್ನ ಕಳಿಸಿಕೊಡು ಅಕ್ಕಾ, ಆರ್ಡರ್ ಜಾಸ್ತಿ ಬಂದಿವೆ, ಒಬ್ಳೇ ಒದ್ದಾಡ್ತಿದೀನಿ" ಅಂತ ಗೋಗರೆದವಳು ಅವಳು. ಕಳಿಸಿದ ಪೆದ್ದಿ ನಾನು. ಹೋದ ತಿಂಗಳು ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಮುದ್ರೆ ಒತ್ತುತ್ತಾ ಕೂತಿದ್ದೆ. ಪಕ್ಕದ ಕೌಂಟರಿನವಳು ಮೊಬೈಲನ್ನು ನನ್ನ ಮೂಗಿನ ಹತ್ತಿರಕ್ಕೇ ತಂದು, "ಈ ಬಟ್ಟೆ ಗೊಂಬೆ ನೋಡ್ರೀ, ಎಷ್ಟು ಮುದ್ದಾಗಿದೆ! ಅಮ್ಮ, ಮಗಳು ಇಬ್ಬರೇ ಸೇರಿ ಮಾಡ್ತಾರಂತೆ" ಅಂದಳು. ಮೇಲೆ ದೊಡ್ಡ ಅಕ್ಷರದಲ್ಲಿ ಅಂಗಡಿಯ ಹೆಸರು, 'ಅಮ್ಮ ಮತ್ತು ಮಗಳು'. ಕೆಳಗೆ ನಿನ್ನ ಹೆಗಲ ಮೇಲೆ ಗದ್ದ ಊರಿ ಹಲ್ಲು ಕಿಸಿದುಕೊಂಡು ಅವಳು. ಅಲ್ಲಮ್ಮಾ, ನೀನು ಹೆತ್ತದ್ದು ಎಷ್ಟು ಜನ ಹೆಣ್ಣುಮಕ್ಕಳನ್ನು? ಅದು ನನ್ನ ಅಮ್ಮ ಅಂತ ಹೇಳಲು ಬಾಯಿ ತೆರೆದವಳು ಮುಂದಿನ ಪುಸ್ತಕ ಎಳೆದುಕೊಂಡೆ. ಆಮೇಲೆ ನೋಡಿದರೆ ಮೂರು ಪುಸ್ತಕಕ್ಕೆ ತಾರೀಖು ತಲೆಕೆಳಗಾಗಿ ಒತ್ತಿದ್ದೆ.

ತಪ್ಪು ನನ್ನದೂ ಇದೆ, ಇಲ್ಲ ಅನ್ನುವುದಿಲ್ಲ. ನಿನ್ನ ಚಿಂದಿ ಗಂಟು ಕಂಡರೆ ಮೂಗು ಮುರಿಯುತ್ತಿದ್ದವಳು ನಾನೇ. ಮನೆ ತುಂಬ ದಾರ, ಹತ್ತಿ, ಕಾಲಿಟ್ಟಲ್ಲಿ ಗುಂಡಿ. ಒಂದು ಸಲ ಗಂಟನ್ನು ಕಸದ ಗಾಡಿಗೂ ಹಾಕಿಬಿಟ್ಟಿದ್ದೆ. ನೀನು ಚಪ್ಪಲಿಯೂ ಇಲ್ಲದೆ ಗೇಟಿನವರೆಗೆ ಓಡಿಹೋಗಿ ವಾಪಸ್ ತಂದೆ. ಅವತ್ತು ನಾಲ್ಕು ಬೈದಿದ್ದರೆ ಇವತ್ತು ನನಗೆ ಹಗುರವಾಗಿರುತ್ತಿತ್ತು. ಆಮೇಲೆ ರಜೆಗೆ ಬಂದ ಚಿಕ್ಕವಳು ಅದೇ ಗೊಂಬೆಗಳನ್ನು ಇದೇ ಕಿಟಕಿಯಲ್ಲಿ ಸಾಲಾಗಿ ಕೂರಿಸಿ ಫೋಟೋ ತೆಗೆದಳು. ನಾನು ಇಪ್ಪತ್ತು ವರ್ಷ ನೋಡಿದ ಗೊಂಬೆಗಳು! ಅವಳು ಇಪ್ಪತ್ತು ನಿಮಿಷ ನೋಡಿ ಅಂಗಡಿ ತೆರೆದಳು. ಅವಳ ಕಣ್ಣು ಚುರುಕು, ಒಪ್ಪಿದೆ. ಒಪ್ಪಿಕೊಂಡರೆ ಉರಿ ಕಡಿಮೆಯಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ.

ಆದರೆ ಒಂದು ವಿಷಯ ಅವಳಿಗೆ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಬೇಕಿಲ್ಲ. ನೀನು ಗೊಂಬೆಗೆ ಬಾಯಿ ಹೊಲಿಯುತ್ತಿದ್ದುದು ಎಲ್ಲಕ್ಕಿಂತ ಕೊನೆಗೆ. ಗೊಂಬೆ ಯಾರದೋ ಅವರನ್ನು ಎದುರಿಗೆ ಕೂರಿಸಿಕೊಂಡು, ಮುಖ ನೋಡಿ ನೋಡಿ, ಕೆಂಪು ನೂಲಿನಲ್ಲಿ. ಮುಗಿದ ಮೇಲೆ ಆ ನೂಲನ್ನು ನೀನು ಕತ್ತರಿಸುತ್ತಿರಲಿಲ್ಲ, ಗೊಂಬೆಯ ಯಜಮಾನರೇ ಕತ್ತರಿಸಬೇಕು. "ಈಗ ಇದು ನಿಂದು" ಅನ್ನುತ್ತಿದ್ದೆ. ನನ್ನ ಮೊದಲ ಗೊಂಬೆ ನೆನಪಿದೆಯಾ? ಚಿಕ್ಕವಳು ಹುಟ್ಟಿ ತಿಂಗಳಾಗಿತ್ತು, ನೀನು ಮೂರು ಹೊತ್ತೂ ಅವಳನ್ನೇ ಎತ್ತಿಕೊಂಡಿರುತ್ತೀಯ ಅಂತ ನನಗೆ ಕೋಪ. ಕೆಳತುಟಿ ಎಡಕ್ಕೆ ಉಬ್ಬಿಸಿಕೊಂಡು ಕೂತಿದ್ದೆ. ನೀನು ಹಾಗೇ ಹೊಲಿದೆ, ಉಬ್ಬಿದ ತುಟಿ ಉಬ್ಬಿದ ಹಾಗೆ. ಗೊಂಬೆ ನೋಡಿ ನನಗೇ ನಗು ಬಂತು. ಅದು ಸವೆದು ಹತ್ತಿ ಉದುರಿ ಹೋಗಿ ಎಷ್ಟೋ ವರ್ಷವಾಯಿತು, ತುಟಿಯ ಆ ಅಭ್ಯಾಸ ಮಾತ್ರ ನನಗಿನ್ನೂ ಹೋಗಿಲ್ಲ ಅಂತ ನಿನ್ನ ಅಳಿಯ ಹೇಳುತ್ತಾರೆ.

ಈಗ ನೋಡಿದರೆ ಎಲ್ಲ ಗೊಂಬೆಗೂ ಒಂದೇ ನಗು. ಫೋಟೋದಲ್ಲಿರುವ ಹಾಗೇ ಕೈಗೆ ಸಿಗಬೇಕಲ್ಲ! ಅವಳು ಹೇಳಿದಳು, ನೀನು ಹೊಲಿದೆ. ಅದಕ್ಕೇ ಯಾರೋ ಅಂಗಡಿಯ ಪುಟದಲ್ಲಿ ಐದಕ್ಕೆ ಒಂದೇ ನಕ್ಷತ್ರ ಕೊಟ್ಟು, "ಎಲ್ಲಕ್ಕೂ ಒಂದೇ ಬಾಯಿ. ಹೊಲಿದವರು ಯಾರ ಮುಖವನ್ನೂ ನೋಡಿಲ್ಲ" ಅಂತ ಬರೆದಿದ್ದಾರೆ. ನಾನೂ ಓದಿದೆ. ಅದಾದ ಮೇಲೆ ನೀನು ಎರಡು ದಿನ ಸೂಜಿ ಮುಟ್ಟಲಿಲ್ಲವಂತೆ. ಚಿಕ್ಕವಳು ಫೋನಿನಲ್ಲಿ ಕೂಗಾಡಿದಳು, "ಯಾರೋ ಹೊಟ್ಟೆಕಿಚ್ಚಿನವರು ಅಕ್ಕಾ, ಇನ್ನೇನು!" ಅಂತ. ಇರಬಹುದು ಅಂದೆ. ಅವರಿಗೆ ಬೇರೆ ಗೊಂಬೆ ಕಳಿಸಲೇಬೇಕು ಅಂತ ನೀನು ಹಟ ಹಿಡಿದೆಯಂತೆ. ಬೇಕಿತ್ತಾ ನಿನಗೆ?

ಈ ಕಾಗದ ಬರೆಯಲು ಕೂತ ಕಾರಣ ಇನ್ನೊಂದು. ನಿನ್ನೆ ಅವಳು ಮೆಸೇಜು ಕಳಿಸಿದ್ದಾಳೆ. ದೊಡ್ಡ ಮನೆ ನೋಡಿದ್ದಾಳಂತೆ, ಹೊಲಿಗೆಗೇ ಒಂದು ಕೋಣೆಯಂತೆ. "ಅಮ್ಮ ಇನ್ಮೇಲೆ ಕಾಯಂ ಇಲ್ಲೇ ಇರ್ಲಿ. ಅವಳ ಹೊಲಿಗೆ ಮೆಷಿನ್ ಕಳಿಸಿಬಿಡು ಅಕ್ಕಾ." ಕಳಿಸಿಬಿಡು! ಅದೇನು ಕೊರಿಯರ್ ಲಕೋಟೆಯಾ? ಆ ಮೆಷಿನ್ ಈಗ ನನ್ನ ಮೊಣಕೈ ಪಕ್ಕದಲ್ಲೇ ಇದೆ. ವಾರಕ್ಕೊಮ್ಮೆ ಧೂಳು ಒರೆಸಿ, ಚಕ್ರ ಒಂದು ಸುತ್ತು ತಿರುಗಿಸಿ, ಎಣ್ಣೆ ಬಿಡುತ್ತೇನೆ. ನಿನಗೆ ಅಲ್ಲೇ ಇರಬೇಕು ಅನ್ನಿಸಿದರೆ ನೀನೇ ಹೇಳಬೇಕು, ಸ್ಪೀಕರಿನಲ್ಲಲ್ಲ, ನನ್ನ ಕಿವಿಗೆ. ಆಗ ಕಳಿಸುತ್ತೇನೆ, ಅತ್ತುಕೊಂಡಾದರೂ ಕಳಿಸುತ್ತೇನೆ.

ಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಅಳಿಯ ಕಂಬಳಿಯೊಳಗಿಂದಲೇ ನಮಸ್ಕಾರ ಹೇಳಿದ್ದಾರೆ. ಚಿಕ್ಕವಳಿಗೆ ನನ್ನ ಆಶೀರ್ವಾದ ಅಂತ ಬರೆಯಬೇಕು, ಬರೆದಿದ್ದೇನೆ. ನಿನ್ನ ಆಶೀರ್ವಾದ ನನಗಿರಲಿ, ಪೂರ್ತಿ ಅಲ್ಲದಿದ್ದರೆ ಅರ್ಧವಾದರೂ.

ನಿನ್ನ
ದೊಡ್ಡವಳು

ತಾ.ಕ.: ಅಮ್ಮಾ, ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಅಷ್ಟರಲ್ಲಿ ಕೆಳಗಿನ ಮನೆಯ ದರ್ಜಿಯ ಹೆಂಡತಿ ಮೆಟ್ಟಿಲು ಹತ್ತಿ ಬಂದಳು. "ನಿಮ್ಮ ಪಾರ್ಸೆಲ್ ಮತ್ತೆ ನನ್ನ ಹೆಸರಿಗೇ ಬಂದಿದೆ ನೋಡಿ" ಅಂದಳು. ಹೌದು, ಆ ಒಂದು ನಕ್ಷತ್ರ ನನ್ನದು. ಅವಳ ಹೆಸರಿನಲ್ಲಿ ಗೊಂಬೆ ತರಿಸಿದ್ದೂ ನಾನೇ, ಬರೆದದ್ದೂ ನಾನೇ. ವ್ಯಾಪಾರ ಬಿದ್ದರೆ ನೀನು ಮನೆಗೆ ಬರುತ್ತೀಯ ಅಂತ ಮಾಡಿದೆ. ನಮ್ಮದೇ ಬೀದಿ, ನಮ್ಮದೇ ಕಟ್ಟಡದ ವಿಳಾಸ ಕೊಟ್ಟಿದ್ದೆನಲ್ಲ, ನನ್ನ ಬುದ್ಧಿಗೆ ಮಂಕು ಬಡಿದಿತ್ತು. ಚಿಕ್ಕವಳು ವಿಳಾಸ ನೋಡಲಿಲ್ಲ. ನೀನು ನೋಡಿದ್ದೀಯ. ಪೆಟ್ಟಿಗೆ ಬಿಚ್ಚಿದೆ, ಗೊಂಬೆಯ ಕೆಳತುಟಿ ಎಡಕ್ಕೆ ಉಬ್ಬಿದೆ. ಕೆಂಪು ನೂಲು ಕತ್ತರಿಸಿಲ್ಲ, ಗೇಣುದ್ದ ಜೋತಾಡುತ್ತಿದೆ. ನಿನ್ನ ಅಳಿಯ ಕತ್ತರಿ ಹಿಡಿದು ಬಂದರು, ಕೈ ಮೇಲೆ ಒಂದು ಕೊಟ್ಟೆ. ನಕ್ಷತ್ರ ಅಳಿಸಿದ್ದೇನೆ, ಚಿಕ್ಕವಳಿಗೆ ನಾನೇ ಹೇಳುತ್ತೇನೆ, ಬೈಯಲಿ. ನೀನು ಒಂದು ಸಲ ಬಾ ಅಮ್ಮಾ. ಮತ್ತೆ ಹೋಗುವೆಯಂತೆ, ತಡೆಯುವುದಿಲ್ಲ. ಎದುರಿಗೆ ಕೂತುಕೋ, ನೂಲು ನಾನು ಕತ್ತರಿಸುತ್ತೇನೆ.