ಅಲುಗಾಡದ ಹಡಗಿನಿಂದ

ಡ್ರೈ ಡಾಕ್, ಹಡಗಿನ ಊಟದ ಕೋಣೆ
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಅಪ್ಪನ ಕಣ್ಣು ಹೇಗಿದೆ, ನಿನ್ನ ಸೊಂಟದ ನೋವು ಇಳಿಯಿತೇ ಎಂದು ಕೇಳುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಆಮೇಲೆ ಧೈರ್ಯ ಸಾಲುವುದಿಲ್ಲ. ನಾನು ಈಚೆಗೆ ಬರೆದ ತಮಾಷೆಗಳೆಲ್ಲ ಹಳೆಯವು. ಆ ತಮಾಷೆ ಮಾಡಿದವರು ಯಾರೂ ಈಗ ಈ ಹಡಗಿನಲ್ಲಿಲ್ಲ. ಚಳಿಗಾಲಕ್ಕೆ ಮುಂಚೆಯೇ ಹಡಗು ರಿಪೇರಿಗೆಂದು ಈ ನೀರಿಲ್ಲದ ಕಟ್ಟೆಗೆ ಬಂತು, ಒಬ್ಬೊಬ್ಬರನ್ನೇ ಬೇರೆ ಬೇರೆ ಹಡಗಿಗೆ ಹಾಕಿದರು. ನನ್ನನ್ನು ಕಾವಲಿಗೆ ಉಳಿಸಿಕೊಂಡರು. ನಾನು ಸುಳ್ಳು ಬರೆಯಲಿಲ್ಲ ಕಣೇ, ಯಾವಾಗ ನಡೆದದ್ದು ಎಂದು ಬರೆಯಲಿಲ್ಲ, ಅಷ್ಟೆ. ಕಾಗದ ಓದಿ ಹೇಳಿದಾಗ ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ ಎಂದು ನೀನು ತಿಳಿಸಿದ ಮೇಲೆ ನಿಲ್ಲಿಸುವುದಾದರೂ ಹೇಗೆ?

ಈಗ ಹೇಳು, ಅವರ ಕಣ್ಣು ಹೇಗಿದೆ? ಬೆಳಕಿನಲ್ಲಾದರೂ ಬೀಗದ ತೂತು ಕಾಣುತ್ತದೆಯೇ? "ಸುತ್ತಿ ಬಳಸಬೇಡ, ಅಂಗಡಿಗೆ ಬರ್ತೀಯೋ ಇಲ್ವೋ ಹೇಳು. ನೀನು ಬರಲ್ಲ ಅಂದ್ರೆ ಅಪ್ಪ ಕೀ ಕೊರೆಯೋ ಮೆಷಿನ್ ಮಾರಿಬಿಡ್ತಾರಂತೆ" ಎಂದು ಬರೆದಿದ್ದೀಯ. ಉತ್ತರ ಬರೆಯುತ್ತೇನೆ. ಅದಕ್ಕೆ ಮೊದಲು ಅಪ್ಪನಿಗೆ ಓದಿ ಹೇಳಲು ಒಂದಿಷ್ಟು ಬರೆಯಲು ಬಿಡು. ಇದೂ ಹಳೆಯದೇ, ಅವರಿಗೆ ಹಾಗೆಂದೇ ಹೇಳು.

ನಮ್ಮ ಎಂಜಿನ್ ಕೋಣೆಯ ಮೆಕ್ಯಾನಿಕ್ ಕಿವುಡಪ್ಪ ನಿನಗೆ ಗೊತ್ತಲ್ಲ, ವರ್ಷಗಟ್ಟಲೆ ಆ ಸದ್ದಿನಲ್ಲಿದ್ದು ಗುಟ್ಟನ್ನೂ ಕಿರುಚಿಯೇ ಹೇಳುವ ಆಸಾಮಿ. ಒಂದು ದಿನ ಕ್ಯಾಪ್ಟನ್ ಸಾಹೇಬರು ನಮ್ಮ ಜೊತೆ ಊಟಕ್ಕೆ ಬಂದು ಕೂತರು. ಇವನು ನನ್ನ ಕಿವಿಗೆ ಬಾಯಿಟ್ಟು, ಪಿಸುಗುಟ್ಟುತ್ತಿದ್ದೇನೆಂದೇ ನಂಬಿ, "ಲೋ, ಅನ್ನ ಮುಟ್ಬೇಡ, ತಳ ಸೀದು ಇದ್ದಿಲಾಗಿದೆ! ಮೇಲಿನದನ್ನ ಕೆರೆದು ಸಾಹೇಬ್ರಿಗೆ ಬಡಿಸಿದಾನೆ!" ಎಂದ. ಸಾಹೇಬರು ಚಮಚ ಕೆಳಗಿಟ್ಟು, "ನಿಮ್ಮ ಗುಟ್ಟು ಪಕ್ಕದ ಹಡಗಿಗೂ ತಲುಪಿತು" ಎಂದರು. ನಮ್ಮ ಅಡುಗೆಯಣ್ಣ ಸೌಟು ಹಿಡಿದುಕೊಂಡು ಇವನನ್ನು ಡೆಕ್ಕಿನ ತುಂಬ ಅಟ್ಟಾಡಿಸಿದ. ಮಾರನೆಯ ದಿನದಿಂದ ಕಿವುಡಪ್ಪನ ತಟ್ಟೆಗೆ ಬರೀ ಸೀದ ತಳವೇ. ಅವನು ಅದನ್ನೂ ಚಪ್ಪರಿಸಿ ತಿಂದ, ಪುಣ್ಯಾತ್ಮ.

ಸಮುದ್ರ ಕೆರಳಿದಾಗ ಅಡುಗೆಯಣ್ಣ ಮೇಜಿನ ಮೇಲೆ ಒದ್ದೆ ಬಟ್ಟೆ ಹಾಸುತ್ತಿದ್ದ, ತಟ್ಟೆ ಜಾರದಿರಲೆಂದು. ಒಂದು ಕೈ ಬಾಯಿಗೆ, ಇನ್ನೊಂದು ಕೈ ಲೋಟಕ್ಕೆ, ಇದು ನಮ್ಮ ಊಟದ ಪದ್ಧತಿ. ಒಮ್ಮೆ ದಡಕ್ಕಿಳಿದು ಟೀ ಅಂಗಡಿಗೆ ಹೋದೆವು. ಅಡುಗೆಯಣ್ಣ ಕೂತವನೇ ಹುಡುಗನ ಹೆಗಲಿನಿಂದ ಒರೆಸುವ ಬಟ್ಟೆ ಕಿತ್ತುಕೊಂಡು, ನೀರಲ್ಲಿ ಅದ್ದಿ, ಮೇಜಿನ ತುಂಬ ಹಾಸಿಬಿಟ್ಟ. ನಾವೂ ಲೋಟವನ್ನು ಮುಷ್ಟಿಯಲ್ಲಿ ಹಿಡಿದು ಕೂತೆವು. ಅಂಗಡಿಯಾತ ನೋಡಿ ನೋಡಿ ಸಾಕಾಗಿ, "ಲೋಟ ಕೆಳಗಿಡ್ರಪ್ಪ, ನಮ್ಮ ಅಂಗಡಿ ಎಲ್ಲೂ ಹೋಗಲ್ಲ!" ಎಂದ. ಕಿವುಡಪ್ಪ ಬೀದಿಗೆಲ್ಲ ಕೇಳುವಂತೆ, "ಏನಂತೆ? ಅಂಗಡಿ ಹೊರಡ್ತದಂತಾ?" ಎಂದು ಎದ್ದು ನಿಂತ!

ಇವತ್ತು ಮಧ್ಯಾಹ್ನ ನಾನೂ ಒದ್ದೆ ಬಟ್ಟೆ ಹಾಸಿದೆ. ನಲವತ್ತು ಜನ ಕೂರುವ ಮೇಜಿನ ಒಂದು ಮೂಲೆಗೆ, ಒಂದೇ ತಟ್ಟೆಯ ಅಗಲಕ್ಕೆ. ಹಡಗಿನ ಅಡಿಯಲ್ಲಿ ಒಂದು ಹನಿ ನೀರಿಲ್ಲ, ಮರದ ದಿಮ್ಮಿಗಳ ಮೇಲೆ ಕೂತಿದೆ, ತಟ್ಟೆ ಜಾರಲು ಕಾರಣವೇ ಇಲ್ಲ. ಬಣ್ಣ ಹೊಡೆಯುವವನು ಕಿಟಕಿಯಿಂದ ಇಣುಕಿ, "ಏನು ಚೆಲ್ಲಿದೆ?" ಎಂದು ಕೇಳಿದ. ಏನೂ ಇಲ್ಲ ಎಂದೆ. ಇವತ್ತು ನಾನು ಇನ್ನೊಬ್ಬರೊಡನೆ ಆಡಿದ ಮಾತು ಇಷ್ಟೇ. ಕಿವುಡಪ್ಪನ ಗೊರಕೆಗೆ ಎಷ್ಟು ಶಾಪ ಹಾಕುತ್ತಿದ್ದೆ ಅಕ್ಕಾ! ಈಗ ಈ ನಿಶ್ಶಬ್ದಕ್ಕೆ ನಿದ್ದೆ ಹತ್ತುವುದಿಲ್ಲ.

ಅಪ್ಪನಿಗೆ ನನ್ನ ನಮಸ್ಕಾರ. ಕಣ್ಣಿಗೆ ಔಷಧ ತಪ್ಪಿಸದೆ ಹಾಕು, ಬೈದರೂ ಹಾಕು. ನೀನು ಭಾರ ಎತ್ತಬೇಡ.

ನಿನ್ನ ತಮ್ಮ,
ನಿಂತಲ್ಲಿ ನಿಲ್ಲದವನು

ತಾ.ಕ.: ಮರೆತದ್ದಲ್ಲ, ಮುಂದೂಡಿದ್ದು. ನಾನು ಅಂಗಡಿಗೆ ಬರುವುದಿಲ್ಲ. ಕಳೆದ ವಾರ ಒಂಟಿತನ ತಡೆಯಲಾರದೆ 'ಬರುತ್ತೇನೆ' ಎಂದು ಬರೆದು ಹರಿದು ಹಾಕಿದೆ. ಶಾಲೆಯಿಂದ ಓಡಿದೆ, ಕೆಲಸಕ್ಕೆ ಸೇರಿದ ಬೇಕರಿಯಿಂದ ಓಡಿದೆ. ಈಗ ಬಂದರೆ ಅಂಗಡಿಗೆ ಬಂದಂತಲ್ಲ, ಇಲ್ಲಿಂದ ಓಡಿದಂತೆ. ನಾಲ್ಕು ದಿನಕ್ಕೆ ಅಲ್ಲಿಂದಲೂ ಓಡುತ್ತೇನೆ, ಅಪ್ಪ ಇನ್ನೊಮ್ಮೆ ಬಾಗಿಲಲ್ಲಿ ನನ್ನ ದಾರಿ ಕಾಯುವಂತಾಗಬಾರದು. ಮೆಷಿನ್ ಮಾರಲು ಬಿಡಬೇಡ. ಅವರ ಕಣ್ಣು ಮಂಜಾದಾಗಿನಿಂದ ಕೀ ಕೊರೆಯುತ್ತಿರುವವಳು ನೀನು. ಅಂಗಡಿ ನಿನ್ನದೇ ಎಂದು ಅವರಿಗೂ ಗೊತ್ತು, ಬಾಯಿಬಿಟ್ಟು ಹೇಳುತ್ತಿಲ್ಲ. ಇದನ್ನೂ ಹಾರಿಸದೆ ಅಪ್ಪನಿಗೆ ಓದಿ ಹೇಳು, ಅವರು ನಕ್ಕು ಮುಗಿದ ಮೇಲೆ ಓದು. ನನ್ನನ್ನು ಬೇರೆ ಹಡಗಿಗೆ ಹಾಕಿದ್ದಾರೆ, ಅಲ್ಲಿ ಪರಿಚಯದವರು ಒಬ್ಬರೂ ಇಲ್ಲ. ನಾಳೆ ಬೆಳಗ್ಗೆ ಹೊರಡುತ್ತೇನೆ.